ದೆಬೊರಾ ದಿನೀಸ್

ದೆಬೊರಾ ದಿನೀಸ್ (ಜನನ 1970): ಬ್ರೆಜಿಲ್ ದೇಶದ ಮಾನವಶಾಸ್ತ್ರಜ್ಞೆ, ಜೈವಿಕ ನೀತಿಶಾಸ್ತ್ರದ ಸಂಶೋಧಕಿ, ಸಾಕ್ಷ್ಯಚಿತ್ರ ನಿರ್ದೇಶಕಿ. ಬ್ರೆಸಿಲಿಯಾ ವಿಶ್ವವಿದ್ಯಾಲಯದ ಕಾನೂನು ವಿಭಾಗದ ಪ್ರಾಧ್ಯಾಪಕಿ. 1999ರಲ್ಲಿ ಬ್ರೆಸಿಲಿಯಾದಲ್ಲಿ ಶುರುವಾದ, ಜೈವಿಕ ನೀತಿಶಾಸ್ತ್ರ, ಮಾನವ ಹಕ್ಕು ಮತ್ತು ಲಿಂಗತ್ವವನ್ನು ಒಟ್ಟಿಗೆ ಅಧ್ಯಯನ ಮಾಡುವ 'ಅನಿಸ್' ಸಂಸ್ಥೆಯನ್ನು ಕಟ್ಟಿದವರು. ಗರ್ಭಪಾತದ ಕಾನೂನು, ಅಂಗವೈಕಲ್ಯ, ಹೆಂಗಸರ ಜೈಲು, ಅಪರಾಧಿಗಳ ಮಾನಸಿಕ ಆಸ್ಪತ್ರೆ, ಜಿಕಾ ಸೋಂಕು ಇವು ಅವರು ಆಳವಾಗಿ ಕೆಲಸ ಮಾಡಿದ ಕ್ಷೇತ್ರಗಳು. ಲಿಂಗ ಸಮಾನತೆಯ ವಿಭಾಗದಲ್ಲಿ 2020ರ ಡಾನ್ ಡೇವಿಡ್ ಪ್ರಶಸ್ತಿಯನ್ನು ಭಾರತದ ಅರ್ಥಶಾಸ್ತ್ರಜ್ಞೆ ಗೀತಾ ಸೇನ್ ಅವರೊಂದಿಗೆ ಹಂಚಿಕೊಂಡರು.

ಅವರ ಕೆಲಸದ ರೀತಿಯನ್ನು ಚಿಕ್ಕದಾಗಿ ಹೀಗೆ ಹೇಳಬಹುದು: ಮೊದಲು ಒಬ್ಬಳ ಕಥೆಯನ್ನು ಪೂರ್ತಿಯಾಗಿ ಕೇಳುವುದು, ಆಮೇಲೆ ಅವಳಂಥವರು ದೇಶದಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸುವುದು, ಕೊನೆಗೆ ಕಥೆಯನ್ನೂ ಎಣಿಕೆಯನ್ನೂ ಕಟ್ಟಿಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತುವುದು. ಈ ಮೂರೂ ಕೆಲಸ ಒಬ್ಬರ ಕೈಯಲ್ಲೇ ನಡೆಯುವುದು ವಿದ್ವತ್ ಲೋಕದಲ್ಲಿ ಅಪರೂಪ. ಕಥೆ ಕೇಳುವವರಿಗೆ ಅಂಕಿಸಂಖ್ಯೆ ಒಗ್ಗುವುದಿಲ್ಲ. ಅಂಕಿಸಂಖ್ಯೆಯವರು ಕಥೆಯನ್ನು ನಂಬುವುದಿಲ್ಲ. ಇಬ್ಬರೂ ಕೋರ್ಟಿನತ್ತ ಸುಳಿಯುವುದಿಲ್ಲ.

ಹಿನ್ನೆಲೆ

ದಿನೀಸ್ ಹುಟ್ಟಿದ್ದು ಬ್ರೆಜಿಲಿನ ಈಶಾನ್ಯ ಭಾಗದ ಅಲಗೋವಾಸ್ ರಾಜ್ಯದ ರಾಜಧಾನಿ ಮಸೆಯೊದಲ್ಲಿ. ಈ ಈಶಾನ್ಯ ಸೀಮೆಯ ಕರಾವಳಿ ಕಬ್ಬಿನ ನಾಡು. ಒಳನಾಡು 'ಸೆರ್ಟಾವ್' ಎಂದು ಕರೆಯುವ ಬರದ ಬಯಲು. ಮಳೆ ಕಡಿಮೆ, ವಲಸೆ ಹೆಚ್ಚು. ದೇಶದ ಬಡವರ ಮಾತು ಬಂದಾಗಲೆಲ್ಲ ಈ ಸೀಮೆಯ ಹೆಸರು ಬರುತ್ತದೆ. ಅವರು ಓದಿದ್ದು ಬ್ರೆಸಿಲಿಯಾ ವಿಶ್ವವಿದ್ಯಾಲಯದಲ್ಲಿ. ಮೊದಲು ಸಮಾಜ ವಿಜ್ಞಾನ, ಬಳಿಕ ಮಾನವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮತ್ತು ಡಾಕ್ಟರೇಟ್. ವಾಸ ರಾಜಧಾನಿಯಲ್ಲಿದ್ದರೂ ಅವರ ಮುಖ್ಯ ಕೃತಿಗಳ ಹೆಂಗಸರಲ್ಲಿ ಬಹಳ ಮಂದಿ ಈಶಾನ್ಯದವರೇ.

ಅವರು ವಿದ್ವತ್ತಿಗೆ ಇಳಿದ ಹೊತ್ತಿಗೆ ಜೈವಿಕ ನೀತಿಶಾಸ್ತ್ರಕ್ಕೆ ಒಂದು ಸಿದ್ಧ ರೂಪ ಬಂದಾಗಿತ್ತು. ಅಮೆರಿಕದ ಟಾಂ ಬೀಚಂ ಮತ್ತು ಜೇಮ್ಸ್ ಚಿಲ್‌ಡ್ರೆಸ್ 1979ರಲ್ಲಿ ಪ್ರಕಟಿಸಿದ ಪುಸ್ತಕ ನಾಲ್ಕು ಸೂತ್ರ ಕೊಟ್ಟಿತ್ತು: ರೋಗಿಯ ಸ್ವನಿರ್ಧಾರವನ್ನು ಗೌರವಿಸು, ಒಳಿತು ಮಾಡು, ಕೇಡು ಮಾಡಬೇಡ, ನ್ಯಾಯವಾಗಿ ಹಂಚು. ಆಸ್ಪತ್ರೆಯ ಹಾಸಿಗೆ ಪಕ್ಕದ ಇಕ್ಕಟ್ಟುಗಳಿಗೆ ಇವು ಉಪಯುಕ್ತ. ಆದರೆ ಆಸ್ಪತ್ರೆಯವರೆಗೆ ಬರಲು ಬಸ್ ಚಾರ್ಜಿಗೂ ಗತಿಯಿಲ್ಲದವಳ ಸ್ವನಿರ್ಧಾರ ಎಂದರೇನು? ಲ್ಯಾಟಿನ್ ಅಮೆರಿಕದ ವಿದ್ವಾಂಸರು ಈ ಪ್ರಶ್ನೆಯನ್ನು ಎತ್ತಿದರು. ಬ್ರೆಸಿಲಿಯಾ ವಿಶ್ವವಿದ್ಯಾಲಯದವರೇ ಆದ ವೊಲ್ನೇ ಗರಾಫಾ ಸಾಮಾಜಿಕ ಅಸಮಾನತೆಯಲ್ಲಿ ಕೈಹಾಕುವ ಜೈವಿಕ ನೀತಿಶಾಸ್ತ್ರ ಬೇಕೆಂದರು. 2005ರಲ್ಲಿ ಯುನೆಸ್ಕೊ ಅಂಗೀಕರಿಸಿದ ಜೈವಿಕ ನೀತಿ ಮತ್ತು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಬಡತನ, ಆಹಾರ, ನೀರು, ಆರೋಗ್ಯ ಸೇವೆಗಳನ್ನೂ ನೀತಿಯ ಪ್ರಶ್ನೆಗಳಾಗಿ ಒಪ್ಪಿಕೊಂಡಿತು. ದಿನೀಸ್ ಈ ಹರಿವಿನಲ್ಲೇ ಬಂದವರು. ಆದರೆ ಅವರು ಹಿಡಿದದ್ದು ಸ್ತ್ರೀವಾದದ ದಾರಿ. ದಿರ್ಸಿ ಗಿಲ್ಯೆಮ್ ಅವರ ಜೊತೆ ಬರೆದ 'ಜೈವಿಕ ನೀತಿಶಾಸ್ತ್ರ ಎಂದರೇನು' (2002) ಎಂಬ ಕಿರುಹೊತ್ತಿಗೆ ಸಾಮಾನ್ಯ ಓದುಗರಿಗೆ ಈ ಶಾಸ್ತ್ರವನ್ನು ಪರಿಚಯಿಸಿತು.

ಸೆವೆರಿನಾ

ಬ್ರೆಜಿಲಿನಲ್ಲಿ 1940ರ ದಂಡ ಸಂಹಿತೆ ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಗರ್ಭ ತೆಗೆಸಿಕೊಂಡ ಹೆಂಗಸಿಗೆ ಒಂದರಿಂದ ಮೂರು ವರ್ಷ ಸೆರೆ. ಅತ್ಯಾಚಾರದಿಂದ ನಿಂತ ಗರ್ಭಕ್ಕೆ ಮತ್ತು ತಾಯಿಯ ಜೀವ ಉಳಿಸಲು ಬೇರೆ ದಾರಿಯಿಲ್ಲದಾಗ ಮಾತ್ರ ವಿನಾಯಿತಿ. ಆ ಕಾನೂನು ಬರೆದವರ ಕಾಲದಲ್ಲಿ ಸ್ಕ್ಯಾನಿಂಗ್ ಇರಲಿಲ್ಲ. ಅನೆನ್ಸೆಫಲಿ ಎಂಬ ಸ್ಥಿತಿಯಲ್ಲಿ ಭ್ರೂಣದ ನರನಾಳದ ಮೇಲ್ತುದಿ ಮೊದಲ ವಾರಗಳಲ್ಲೇ ಮುಚ್ಚಿಕೊಳ್ಳದೆ ಉಳಿದು, ತಲೆಬುರುಡೆಯ ಮೇಲ್ಭಾಗವೂ ಮೆದುಳಿನ ಬಹುಭಾಗವೂ ಬೆಳೆಯುವುದೇ ಇಲ್ಲ. ಮಗು ಹೊಟ್ಟೆಯಲ್ಲೇ ಸಾಯುತ್ತದೆ, ಇಲ್ಲವೇ ಹುಟ್ಟಿದ ಸ್ವಲ್ಪ ಹೊತ್ತಿಗೆ. ಸ್ಕ್ಯಾನಿಂಗ್ ಬಂದ ಮೇಲೆ ತಾಯಿಗೆ ಇದು ತಿಂಗಳುಗಟ್ಟಲೆ ಮೊದಲೇ ಗೊತ್ತಾಗುವಂತಾಯಿತು. ಗೊತ್ತಾದರೂ ಒಂಬತ್ತು ತಿಂಗಳು ಹೊರುವುದು ಕಡ್ಡಾಯವಾಗಿತ್ತು. ಒಬ್ಬೊಬ್ಬ ಹೆಂಗಸೂ ಒಬ್ಬೊಬ್ಬ ನ್ಯಾಯಾಧೀಶರ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಿತ್ತು. ಅನುಮತಿ ಕೈಸೇರುವ ಮುಂಚೆಯೇ ಹೆರಿಗೆಯಾಗಿಬಿಡುವುದೂ ಇತ್ತು.

2004ರಲ್ಲಿ ಆರೋಗ್ಯ ಕಾರ್ಮಿಕರ ರಾಷ್ಟ್ರೀಯ ಒಕ್ಕೂಟ, ಅನಿಸ್ ಸಂಸ್ಥೆಯ ಬೆಂಬಲದೊಂದಿಗೆ, ಬ್ರೆಜಿಲಿನ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಎಡಿಪಿಎಫ್ 54 ಎಂದು ಹೆಸರಾದ ಈ ಅರ್ಜಿಯ ಪರವಾಗಿ ನಿಂತ ವಕೀಲರು ಲುಯಿಸ್ ರಾಬರ್ಟೊ ಬರೋಸೊ. ಆ ವರ್ಷದ ಜುಲೈ 1ರಂದು ನ್ಯಾಯಮೂರ್ತಿ ಮಾರ್ಕೊ ಔರೇಲಿಯೊ ಮಧ್ಯಂತರ ಆದೇಶ ಕೊಟ್ಟು, ಇಂಥ ಗರ್ಭವನ್ನು ಕೊನೆಗಾಣಿಸಲು ಅವಕಾಶ ಮಾಡಿದರು. ಅಕ್ಟೋಬರ್ 20ರಂದು ಪೂರ್ಣಪೀಠ ಆ ಆದೇಶವನ್ನು ರದ್ದು ಮಾಡಿತು.

ಅದೇ ದಿನ ಪೆರ್ನಾಂಬುಕೊ ರಾಜ್ಯದ ರೆಸಿಫಿ ನಗರದ ಆಸ್ಪತ್ರೆಯೊಂದರಲ್ಲಿ ಸೆವೆರಿನಾ ಎಂಬ ಹೆಂಗಸು ದಾಖಲಾಗಿದ್ದಳು. ಶಾ ಗ್ರಾಂಡಿ ಎಂಬ ಸಣ್ಣ ಊರಿನ, ಬ್ರೊಕೊಲಿ ಬೆಳೆಯುವ ಬಡ ರೈತ ಹೆಣ್ಣುಮಗಳು. ಮರುದಿನ ಚಿಕಿತ್ಸೆ ಶುರುವಾಗಬೇಕಿತ್ತು. ಆದೇಶ ಬಿದ್ದುಹೋದ ಕಾರಣ ಆಸ್ಪತ್ರೆ ಅವಳನ್ನು ಮನೆಗೆ ಕಳಿಸಿತು. ಅಲ್ಲಿಂದ ಮುಂದೆ ಅವಳು ಮತ್ತು ಗಂಡ ಕಚೇರಿಯಿಂದ ಕಚೇರಿಗೆ, ಕೋರ್ಟಿನಿಂದ ಕೋರ್ಟಿಗೆ ಅಲೆದರು. ಅನುಮತಿ ಸಿಕ್ಕ ಹೊತ್ತಿಗೆ ಏಳು ತಿಂಗಳು ತುಂಬಿತ್ತು. ಒಂದು ದಿನಕ್ಕೂ ಮೀರಿದ ಹೆರಿಗೆ ನೋವಿನ ಕೊನೆಗೆ ಸತ್ತ ಮಗು ಹುಟ್ಟಿತು.

ದಿನೀಸ್ ಮತ್ತು ಪತ್ರಕರ್ತೆ ಎಲಿಯಾನಿ ಬ್ರುಮ್ ಸೇರಿ ಈ ಕಥೆಯನ್ನು 'ಒಂದು ಸೆವೆರಿನಾ ಕಥೆ' (2005) ಎಂಬ 23 ನಿಮಿಷದ ಸಾಕ್ಷ್ಯಚಿತ್ರವಾಗಿಸಿದರು. ಹೆಸರಿನಲ್ಲೇ ಒಂದು ಪ್ರತಿಧ್ವನಿ ಇದೆ. ಕವಿ ಜೊಆವ್ ಕಬ್ರಾಲ್ ದ ಮೆಲೊ ನೆಟೊ ಅವರ ಪ್ರಸಿದ್ಧ ನಾಟಕ-ಕಾವ್ಯವೊಂದರ ಹೆಸರಿನಲ್ಲೂ 'ಸೆವೆರಿನಾ' ಇದೆ. ಬರದಿಂದ ಓಡಿಬರುವ ಈಶಾನ್ಯದ ಬಡವರೆಲ್ಲರಿಗೂ ಆ ಹೆಸರು ಬ್ರೆಜಿಲಿನಲ್ಲಿ ಸಂಕೇತವಾಗಿ ನಿಂತಿದೆ. ಚಿತ್ರಕ್ಕೆ ಬಳಸಿದ ಮರದಚ್ಚಿನ ಚಿತ್ರಗಳು ಪೆರ್ನಾಂಬುಕೊದ ಜನಪದ ಕಲಾವಿದ ಜೆ. ಬೋರ್ಜೆಸ್ ಅವರವು, ಹಾಡಿದವರು ಅದೇ ಸೀಮೆಯ ಆಶುಕವಯಿತ್ರಿ ಮೊಸಿನ್ಯಾ ದಿ ಪಸೀರಾ. ಸಂತೆಯಲ್ಲಿ ದಾರಕ್ಕೆ ನೇತುಹಾಕಿ ಮಾರುವ ಕಥಾಪುಸ್ತಿಕೆಗಳ ಸಂಪ್ರದಾಯದ ಕೈಗಳಿವು. ಸೆವೆರಿನಾಳ ನೋವನ್ನು ಅವಳ ನೆಲದ ಹಾಡಿನಲ್ಲೇ ಹೇಳಿದ್ದಾರೆ. ಚಿತ್ರದಲ್ಲಿ ಗರ್ಭಪಾತ ಸರಿಯೋ ತಪ್ಪೋ ಎಂದು ಯಾರೂ ವಾದಿಸುವುದಿಲ್ಲ. ಒಬ್ಬಳು ಕಾಯುವುದನ್ನು ಕ್ಯಾಮೆರಾ ಜೊತೆಗೆ ಕೂತು ನೋಡುತ್ತದೆ. ಎಷ್ಟೋ ತಾತ್ತ್ವಿಕ ಪ್ರಬಂಧಗಳಿಗಿಂತ ಈ 23 ನಿಮಿಷ ಹೆಚ್ಚು ಹೇಳುತ್ತದೆ ಎಂಬುದು ಈ ಲೇಖಕರ ಅಭಿಪ್ರಾಯ. 2004ರ ಆ ಕೆಲವೇ ತಿಂಗಳ ಆದೇಶದ ಆಸರೆ ಪಡೆದ ನಾಲ್ವರು ಹೆಂಗಸರ ಕುರಿತು 'ಅವರು ಯಾರು?' (2006) ಎಂಬ ಇನ್ನೊಂದು ಚಿತ್ರವನ್ನೂ ದಿನೀಸ್ ಮಾಡಿದರು.

2008ರಲ್ಲಿ ನ್ಯಾಯಾಲಯ ಈ ವಿಷಯದ ಮೇಲೆ ಸಾರ್ವಜನಿಕ ವಿಚಾರಣೆ ನಡೆಸಿತು. ವೈದ್ಯರು, ಪಾದ್ರಿಗಳು, ವಿಜ್ಞಾನಿಗಳು ಬಂದು ಮಾತಾಡಿದರು. ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಒಕ್ಕೂಟ ಅರ್ಜಿಯನ್ನು ವಿರೋಧಿಸಿತು. 2012ರ ಏಪ್ರಿಲ್ 12ರಂದು 8–2 ಮತಗಳ ತೀರ್ಪು ಬಂದಿತು: ಅನೆನ್ಸೆಫಲಿಯ ಗರ್ಭ ತೆಗೆಸುವುದು ಅಪರಾಧವಲ್ಲ. ಅರ್ಜಿ ಹಾಕಿ ಎಂಟು ವರ್ಷ ಕಳೆದಿತ್ತು.

ಕನ್ನಡ ಓದುಗರಿಗೆ ಆ 2012 ಬೇರೊಂದು ಕಾರಣಕ್ಕೆ ನೆನಪಿರಬಹುದು. ಅದೇ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯ ಆಸ್ಪತ್ರೆಯಲ್ಲಿ ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲವೆಂದು ತಿಳಿದಿದ್ದರೂ ಭ್ರೂಣದ ಎದೆಬಡಿತ ಇದೆಯೆಂಬ ಕಾರಣಕ್ಕೆ ಅದನ್ನು ತೆಗೆಯಲಿಲ್ಲ. ನಂಜು ಏರಿ ಅವರ ಪ್ರಾಣ ಹೋಯಿತು. 31 ವರ್ಷ ವಯಸ್ಸು. 2018ರ ಮೇ 25ರ ಜನಮತದಲ್ಲಿ ಐರ್ಲೆಂಡ್ ತನ್ನ ಸಂವಿಧಾನದ ನಿಷೇಧವನ್ನು ತೆಗೆದುಹಾಕಿತು. ದೇಶ ಬೇರೆ, ವಿವರ ಬೇರೆ. ಆದರೆ ರೆಸಿಫಿಯ ಸೆವೆರಿನಾಳನ್ನೂ ಗಾಲ್ವೇಯ ಸವಿತಾರನ್ನೂ ಕಾಯಿಸಿದ್ದು ಒಂದೇ ಬಗೆಯ ಕಾನೂನು. ಭಾರತದಲ್ಲಿ 1971ರಿಂದ ವೈದ್ಯಕೀಯ ಗರ್ಭಪಾತದ ಕಾಯ್ದೆ ಇರುವುದರಿಂದ ಈ ಕಾಯುವಿಕೆಯ ಭಾರ ನಮಗೆ ಸುಲಭವಾಗಿ ಅಂದಾಜಾಗುವುದಿಲ್ಲ.

ಪೆಟ್ಟಿಗೆಯ ಸಮೀಕ್ಷೆ

ಕಥೆಯೊಂದು ಎಷ್ಟೇ ಗಾಢವಾಗಿದ್ದರೂ 'ಇದು ಯಾರೋ ಒಬ್ಬಳ ಪಾಡು' ಎಂದು ತಳ್ಳಿಹಾಕಲು ಬರುತ್ತದೆ. ಅದಕ್ಕೆ ದಿನೀಸ್ ಎಣಿಸಲು ಹೊರಟರು. ಎದುರಾದ ತೊಡಕು ಸಣ್ಣದಲ್ಲ: ಜೈಲಿಗೆ ಹಾಕಬಹುದಾದ ಕೆಲಸವನ್ನು 'ಹೌದು, ಮಾಡಿದ್ದೇನೆ' ಎಂದು ಅಪರಿಚಿತರ ಮುಂದೆ ಯಾರು ಒಪ್ಪಿಕೊಳ್ಳುತ್ತಾರೆ? ಆಸ್ಪತ್ರೆಯ ದಾಖಲೆಯಲ್ಲಿ ಸಿಗುವುದು ಗರ್ಭಪಾತ ಕೆಟ್ಟು ರಕ್ತಸ್ರಾವದಿಂದ ಬಂದವರು ಮಾತ್ರ. ಅವರೂ ನಿಜ ಹೇಳಲು ಅಂಜುತ್ತಾರೆ.

ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರ ಬಲ್ಲ ಮಾರ್ಸೆಲೊ ಮೆದೇರೊಸ್ ಜೊತೆ ಸೇರಿ ಅವರು ನಡೆಸಿದ ರಾಷ್ಟ್ರೀಯ ಗರ್ಭಪಾತ ಸಮೀಕ್ಷೆ (2010) ಮತಪೆಟ್ಟಿಗೆಯ ವಿಧಾನವನ್ನು ಹಿಡಿಯಿತು. ಮನೆಗೆ ಬರುವ ಸಮೀಕ್ಷಕಿ ಹೆಂಗಸೇ ಆಗಿರುತ್ತಾಳೆ. ಮೊದಲು ಅವಳು ಒಂದು ಹಾಳೆ ಕೊಡುತ್ತಾಳೆ. ಅದರಲ್ಲಿ ಹೆಸರಿಲ್ಲ, ವಿಳಾಸವಿಲ್ಲ. ಕೆಲವೇ ಪ್ರಶ್ನೆಗಳು, ಅವುಗಳಲ್ಲೊಂದು 'ಎಂದಾದರೂ ಗರ್ಭ ತೆಗೆಸಿಕೊಂಡಿದ್ದೀರಾ' ಎಂಬುದು. ಮನೆಯಾಕೆ ತಾನೇ ಗುರುತು ಹಾಕಿ, ಹಾಳೆ ಮಡಚಿ, ಮುಚ್ಚಿದ ಪೆಟ್ಟಿಗೆಯ ಸೀಳಿನೊಳಗೆ ಇಳಿಬಿಡುತ್ತಾಳೆ. ಸಮೀಕ್ಷಕಿ ಅದನ್ನು ನೋಡುವುದಿಲ್ಲ. ಆಮೇಲೆ ವಯಸ್ಸು, ಓದು, ಧರ್ಮ, ಮಕ್ಕಳ ಸಂಖ್ಯೆ ಇವನ್ನು ಮುಖಾಮುಖಿ ಕೇಳುತ್ತಾರೆ. ಚುನಾವಣೆಯಲ್ಲಿ ಗುಟ್ಟಾಗಿ ಮತ ಹಾಕಿ ಗೊತ್ತಿರುವವರಿಗೆ ಈ ಪೆಟ್ಟಿಗೆಯ ಧೈರ್ಯ ತಕ್ಷಣ ಅರ್ಥವಾಗುತ್ತದೆ.

ಹೊರಬಿದ್ದ ಲೆಕ್ಕ ದೇಶವನ್ನೇ ಬೆಚ್ಚಿಬೀಳಿಸಿತು: ಬ್ರೆಜಿಲಿನ ನಗರಗಳಲ್ಲಿ 40 ವರ್ಷ ತುಂಬುವಷ್ಟರಲ್ಲಿ ಐವರಲ್ಲಿ ಒಬ್ಬ ಹೆಂಗಸು ಒಮ್ಮೆಯಾದರೂ ಗರ್ಭ ತೆಗೆಸಿಕೊಂಡಿರುತ್ತಾಳೆ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಆ ಬಳಿಕ ಆಸ್ಪತ್ರೆ ಸೇರಬೇಕಾಗಿ ಬಂದಿತ್ತು. 2016ರಲ್ಲಿ 2002 ಮಹಿಳೆಯರನ್ನು ಮಾತಾಡಿಸಿದ ಎರಡನೇ ಸಮೀಕ್ಷೆಯೂ ಹೆಚ್ಚು ಕಡಿಮೆ ಅದೇ ಪ್ರಮಾಣವನ್ನು ತೋರಿಸಿತು. 2015ರ ಒಂದೇ ವರ್ಷದಲ್ಲಿ ಸುಮಾರು 5 ಲಕ್ಷ ಗರ್ಭಪಾತಗಳೆಂದು ಅಂದಾಜಿಸಿತು. 2021ರ ಮೂರನೆಯ ಸಮೀಕ್ಷೆಯಲ್ಲಿ ಪ್ರಮಾಣ ಏಳರಲ್ಲಿ ಒಂದಕ್ಕೆ ಇಳಿಯಿತು. ಆದರೆ ಗರ್ಭ ತೆಗೆಸಿಕೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಮೊದಲ ಸಲ ಅದು ನಡೆದಾಗ ವಯಸ್ಸು 19 ಅಥವಾ ಅದಕ್ಕೂ ಕಡಿಮೆ.

ದಿನೀಸ್ ಈ ಲೆಕ್ಕದಿಂದ ಎತ್ತಿ ಹಿಡಿದದ್ದು ಸಂಖ್ಯೆಯ ದೊಡ್ಡತನಕ್ಕಿಂತ ಹೆಚ್ಚಾಗಿ ಅದರಲ್ಲಿ ಕಾಣುವ ಮುಖವನ್ನು. ಗರ್ಭ ತೆಗೆಸಿಕೊಂಡವಳು ಎಂದರೆ ಜನರ ಮನಸ್ಸಿನಲ್ಲಿ ಮೂಡುವ ಚಿತ್ರ ಬೇರೆ. ಸಮೀಕ್ಷೆಯಲ್ಲಿ ಕಂಡವಳು ಚರ್ಚಿಗೆ ಹೋಗುವವಳು, ಮಕ್ಕಳಿರುವವಳು, ಬೀದಿಯಲ್ಲಿ ದಿನಾ ಎದುರಾಗುವವಳು. ಕ್ಯಾಥೊಲಿಕರಲ್ಲೂ ಇವಾಂಜೆಲಿಕಲ್ ಪಂಥದವರಲ್ಲೂ, ಎಲ್ಲ ಆದಾಯದವರಲ್ಲೂ ಅವಳಿದ್ದಾಳೆ. ಅವಳನ್ನು ಅವರು 'ಸಾಮಾನ್ಯ ಹೆಂಗಸು' ಎಂದೇ ಕರೆದರು. ಜೈಲಿಗೆ ಕಳಿಸಬೇಕು ಎನ್ನುವವರು ಐವರಲ್ಲಿ ಒಬ್ಬಳನ್ನು ಕಳಿಸಲು ಸಿದ್ಧರಿದ್ದಾರೆಯೇ ಎಂದು ಕೇಳುವ ಬಲ ಈ ಲೆಕ್ಕದಿಂದ ಬಂತು. ಸಮೀಕ್ಷೆಗೆ ಮಿತಿಗಳೂ ಇವೆ: ಹಾಳೆಯನ್ನು ತಾವೇ ಓದಿ ತುಂಬಬೇಕಾದ್ದರಿಂದ ಮೊದಲ ಸುತ್ತಿನಲ್ಲಿ ಓದು ಬಾರದವರೂ ಹಳ್ಳಿಯವರೂ ಹೊರಗುಳಿದರು. ಸೆವೆರಿನಾಳಂಥವಳು ಈ ಪೆಟ್ಟಿಗೆಗೆ ಸಿಗಲಿಲ್ಲ. ಎಣಿಕೆ ಮಾತ್ರ ಸಾಲದು, ಕಥೆಯೂ ಬೇಕು ಎಂಬುದಕ್ಕೆ ಅವರದೇ ಸಮೀಕ್ಷೆ ಸಾಕ್ಷಿ.

ಬೀಗದ ಹಿಂದಿನವರು

ಇದೇ ಜೋಡಿ ವಿಧಾನ ಇನ್ನೊಂದು ಕಡೆಯೂ ಕಾಣುತ್ತದೆ. 'ಸತ್ತವರ ಮನೆ' (2009) ಎಂಬ ಅವರ ಸಾಕ್ಷ್ಯಚಿತ್ರ ಬಾಹಿಯಾ ರಾಜ್ಯದ ಸಾಲ್ವಡಾರ್ ನಗರದ ನ್ಯಾಯಾಂಗ ಮಾನಸಿಕ ಆಸ್ಪತ್ರೆಯೊಳಗೆ ನಡೆಯುತ್ತದೆ. ಅಪರಾಧ ಎಸಗಿದವರು ಮಾನಸಿಕ ಅಸ್ವಸ್ಥರೆಂದು ಕಂಡುಬಂದರೆ ಶಿಕ್ಷೆಯ ಬದಲು ಇಂಥಲ್ಲಿ ಇಡುತ್ತಿದ್ದರು. ಶಿಕ್ಷೆಗಾದರೆ ಅವಧಿಯಿದೆ, ಇಲ್ಲಿ 'ಅಪಾಯ ತೀರಿತು' ಎಂದು ವೈದ್ಯರು ಬರೆದುಕೊಡುವವರೆಗೆ ಬಿಡುಗಡೆಯಿಲ್ಲ. ಅಲ್ಲಿನ ನಿವಾಸಿಯೊಬ್ಬ ತಾನೇ ಬರೆದ ಕವಿತೆಯ ಚೌಕಟ್ಟಿನಲ್ಲಿ ಚಿತ್ರ ಸಾಗುತ್ತದೆ.

ಚಿತ್ರದ ಬೆನ್ನಿಗೆ ಗಣತಿ. 2011ರಲ್ಲಿ ದೇಶದ ಇಂಥ 26 ಸಂಸ್ಥೆಗಳನ್ನೂ ಸುತ್ತಿ, ಪ್ರತಿಯೊಬ್ಬರ ಕಡತ ತೆರೆದು, 3989 ಮಂದಿಯನ್ನು ಎಣಿಸಿದರು. ಬ್ರೆಜಿಲಿನಲ್ಲಿ ಈ ಬಗೆಯ ಪೂರ್ಣ ಗಣತಿ ಅದೇ ಮೊದಲು. ಶಿಕ್ಷೆಯೇ ಆಗಿದ್ದರೂ 30 ವರ್ಷ ಮೀರಿ ಯಾರನ್ನೂ ಇಡಬಾರದೆಂದು ಆಗಿನ ಕಾನೂನು ಹೇಳುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಒಳಗೇ ಇದ್ದ 18 ಮಂದಿ ಸಿಕ್ಕರು.

ಅವರಲ್ಲೊಬ್ಬಳು ಜೆಫಿನ್ಯಾ. ದಿನೀಸ್ ಹುಟ್ಟಿದ ಅಲಗೋವಾಸ್ ರಾಜ್ಯದವಳೇ. 39 ವರ್ಷ ಬೀಗದ ಹಿಂದೆ ಕಳೆದವಳು, ಇಂಥ ಆಸ್ಪತ್ರೆಗಳಲ್ಲಿ ಬದುಕುಳಿದ ಹೆಂಗಸರ ಪೈಕಿ ಅತಿ ಹಳಬಳು. ದಿನೀಸ್ ಅವಳ ಕಡತವನ್ನು ಹಾಳೆ ಹಾಳೆಯಾಗಿ ಓದಿ ಪ್ರಬಂಧ ಬರೆದರು. ಮೊದಮೊದಲ ಹಾಳೆಗಳಲ್ಲಿ ಮನೋವೈದ್ಯರು ರೋಗಕ್ಕೆ ಹೆಸರಿಡುತ್ತಾರೆ, ನಂತರ ಕಾನೂನಿನವರು ಅವಳನ್ನು ಅಪಾಯಕಾರಿ ಎನ್ನುತ್ತಾರೆ; ವರ್ಷಗಳು ಉರುಳಿದಂತೆ ಕೊನೆಗೆ ಉಳಿಯುವುದು ಕರೆದುಕೊಂಡು ಹೋಗಲು ಯಾರೂ ಇಲ್ಲ ಎಂಬುದೊಂದೇ. ಪ್ರಬಂಧದ ಶೀರ್ಷಿಕೆಯಲ್ಲಿ ಅವಳ ಹೆಸರಿನ ಪಕ್ಕ 'ತೊರೆಯುವಿಕೆಯ ಹೆಸರು' ಎಂಬ ಮಾತಿದೆ. 2023ರ ಫೆಬ್ರವರಿಯಲ್ಲಿ ಬ್ರೆಜಿಲಿನ ರಾಷ್ಟ್ರೀಯ ನ್ಯಾಯಾಂಗ ಮಂಡಳಿ ಈ ಆಸ್ಪತ್ರೆಗಳನ್ನು ಹಂತ ಹಂತವಾಗಿ ಮುಚ್ಚುವ ನಿಯಮ ತಂದಿತು.

ಬ್ರೆಸಿಲಿಯಾದ ಹೆಂಗಸರ ಜೈಲಿನಲ್ಲಿ ಕೂತು ಕೇಳಿದ್ದನ್ನು ಪುಟ್ಟ ಪುಟ್ಟ ಬರಹಗಳಾಗಿಸಿದ 'ಜೈಲು' (2015), ಯಾರಿಗೂ ಹೇಳದೆ ಎಲ್ಲೋ ಹುಲ್ಲಿನ ಮೇಲೆ ಮಲಗಿ ಸಾವಿಗೆ ಕಾದ ವೃದ್ಧನನ್ನು ವೈದ್ಯರು ಉಳಿಸಿಕೊಂಡ ಪ್ರಸಂಗದ 'ಅನಾಮಿಕ ಒಂಟಿ' (2007) ಎಂಬ ಚಿತ್ರ ಇವೂ ಇದೇ ಸಾಲಿನವು.

ಜಿಕಾ

2015ರಲ್ಲಿ ಈಶಾನ್ಯ ಬ್ರೆಜಿಲಿನಲ್ಲಿ ಮೈಮೇಲೆ ಗಂಧೆ, ಕೀಲುನೋವು, ಸಣ್ಣ ಜ್ವರದ ಒಂದು ಕಾಯಿಲೆ ಹರಡಿತು. ಅದು ಜಿಕಾ ಎಂದು ಗುರುತಾಯಿತು. ಕೆಲವು ತಿಂಗಳಲ್ಲಿ ತಲೆ ಸಣ್ಣದಾಗಿ, ಮೆದುಳು ಬೆಳೆಯದೆ ಹುಟ್ಟುವ ಮಕ್ಕಳ ಸಂಖ್ಯೆ ಒಮ್ಮೆಲೇ ಏರಿತು. ಪರೈಬಾ ರಾಜ್ಯದ ಕಂಪಿನಾ ಗ್ರಾಂಡಿ ಊರಿನ ವೈದ್ಯೆ ಅಡ್ರಿಯಾನಾ ಮೆಲೊ, ಇಬ್ಬರು ಗರ್ಭಿಣಿಯರ ಹೊಟ್ಟೆಯಲ್ಲಿ ಮಗುವನ್ನು ಸುತ್ತುವರಿದ ನೀರನ್ನು ತೆಗೆದು ರಿಯೊದ ಫಿಯೊಕ್ರೂಸ್ ಸಂಸ್ಥೆಗೆ ಪರೀಕ್ಷೆಗೆ ಕಳಿಸಿದರು. 2015ರ ನವೆಂಬರಿನಲ್ಲಿ ಅದರಲ್ಲಿ ಜಿಕಾ ವೈರಸ್ ಪತ್ತೆಯಾಯಿತು. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತು ಸ್ಥಿತಿ ಘೋಷಿಸಿತು.

ದಿನೀಸ್ ಕೂಡಲೇ ಕಂಪಿನಾ ಗ್ರಾಂಡಿಗೆ ಹೋದರು. ಆ ವರ್ಷವೇ ಒಂದು ಪುಸ್ತಕವೂ ಒಂದು ಚಿತ್ರವೂ ಹೊರಬಂದವು. 'ಜಿಕಾ: ಈಶಾನ್ಯದ ಸೆರ್ಟಾವ್‌ನಿಂದ ಜಾಗತಿಕ ಭೀತಿಯವರೆಗೆ' (2016) ಎಂಬ ಪುಸ್ತಕಕ್ಕೆ ಬ್ರೆಜಿಲಿನ ಹಿರಿಯ ಸಾಹಿತ್ಯ ಮನ್ನಣೆಯಾದ ಜಬುಟಿ ಪ್ರಶಸ್ತಿ 2017ರಲ್ಲಿ ಆರೋಗ್ಯ ವಿಜ್ಞಾನದ ವಿಭಾಗದಲ್ಲಿ ಬಂದಿತು. ವೈರಸ್ಸಿನ ಕಥೆಯನ್ನು ಪ್ರಯೋಗಾಲಯದಿಂದ ಶುರುಮಾಡದೆ, ಹಾಸಿಗೆ ಪಕ್ಕ ನಿಂತ ಸಣ್ಣ ಊರಿನ ವೈದ್ಯರಿಂದ ಮತ್ತು ಗರ್ಭಿಣಿಯರಿಂದ ಶುರುಮಾಡುವುದು ಈ ಪುಸ್ತಕದ ಹೆಚ್ಚುಗಾರಿಕೆ. ಮೊದಲ ಸಾಲಿನ ತಾಯಂದಿರು ತಮ್ಮ ಮೈಯನ್ನೇ ವಿಜ್ಞಾನಕ್ಕೆ ಒಡ್ಡಿ ಉತ್ತರ ಹುಡುಕಿಕೊಟ್ಟವರು. ಮಕ್ಕಳು ಹುಟ್ಟಿದ ಮೇಲೆ ಯಾವ ಭಂಗಿಯಲ್ಲಿ ಹಿಡಿದರೆ ಮಗು ನುಂಗುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ ಎಂಬುದನ್ನು ಕಂಡುಕೊಂಡು ಒಬ್ಬರಿಗೊಬ್ಬರು ಹೇಳಿಕೊಟ್ಟವರು. ಅವರ ಈ ಮನೆಯೊಳಗಿನ ತಿಳಿವನ್ನೂ ದಿನೀಸ್ ವಿಜ್ಞಾನವೆಂದೇ ಎಣಿಸುತ್ತಾರೆ.

ಸರ್ಕಾರ ಸೊಳ್ಳೆಯ ಮೇಲೆ ಯುದ್ಧ ಸಾರಿತು. ಬಸುರಿಯಾಗುವುದನ್ನು ಮುಂದೂಡಿ ಎಂಬ ಸಲಹೆಯೂ ಕೇಳಿಬಂತು. ಸಂತಾನ ನಿಯಂತ್ರಣದ ಸಾಧನ ಸುಲಭವಾಗಿ ಸಿಗದ, ಗರ್ಭ ತೆಗೆಸಿದರೆ ಜೈಲಿರುವ ಊರಿನಲ್ಲಿ ಆ ಸಲಹೆಗೆ ಅರ್ಥವೇನು ಎಂದು ದಿನೀಸ್ ಕೇಳಿದರು. ಜಿಕಾ ಹರಡುವ ಈಡಿಸ್ ಸೊಳ್ಳೆ ನಲ್ಲಿ ನೀರು ದಿನಾ ಬಾರದ ಮನೆಗಳ ಡ್ರಮ್ಮು, ತೊಟ್ಟಿಗಳಲ್ಲಿ ಮೊಟ್ಟೆಯಿಡುತ್ತದೆ. ಕಾಯಿಲೆ ಬಡವರ ಬಾಗಿಲನ್ನೇ ಹುಡುಕಿಕೊಂಡು ಬರುವುದು ಹೀಗೆ. ಡೆಂಗಿ, ಚಿಕೂನ್‌ಗುನ್ಯಾ ಹರಡುವುದೂ ಇದೇ ಸೊಳ್ಳೆ ಎಂಬುದು ನಮಗೆ ಗೊತ್ತಿರುವ ಸಂಗತಿ. 2022ರ ಡಿಸೆಂಬರಿನಲ್ಲಿ ಕರ್ನಾಟಕದ ಮೊದಲ ಜಿಕಾ ಪ್ರಕರಣ ದೃಢಪಟ್ಟದ್ದು ರಾಯಚೂರು ಜಿಲ್ಲೆಯ ಪುಟ್ಟ ಹುಡುಗಿಯಲ್ಲಿ.

2016ರ ಆಗಸ್ಟಿನಲ್ಲಿ ಸಾರ್ವಜನಿಕ ವಕೀಲರ ರಾಷ್ಟ್ರೀಯ ಸಂಘ ಅನಿಸ್ ಜೊತೆ ಸೇರಿ ಸರ್ವೋಚ್ಚ ನ್ಯಾಯಾಲಯಕ್ಕೆ ಮತ್ತೊಂದು ಅರ್ಜಿ ಹಾಕಿತು. ಸೋಂಕು ತಗುಲಿ ಮಾನಸಿಕವಾಗಿ ಕುಸಿದ ಗರ್ಭಿಣಿಗೆ ಗರ್ಭ ತೆಗೆಸುವ ಅವಕಾಶ, ಹುಟ್ಟಿದ ಮಕ್ಕಳಿಗೆ ಚಿಕಿತ್ಸೆ, ಅವರ ಮನೆಗಳಿಗೆ ಹಣದ ನೆರವು ಈ ಮೂರೂ ಬೇಡಿಕೆ ಒಂದೇ ಅರ್ಜಿಯಲ್ಲಿದ್ದವು. ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಅಂಗವಿಕಲ ಮಗು ಹುಟ್ಟುತ್ತದೆಂಬ ಕಾರಣಕ್ಕೆ ಗರ್ಭ ತೆಗೆಸುವುದನ್ನು ಒಪ್ಪಿದರೆ ಈಗಾಗಲೇ ಬದುಕಿರುವ ಅಂಗವಿಕಲರ ಬೆಲೆ ಕಡಿಮೆ ಎಂದಂತಾಗುವುದಿಲ್ಲವೇ? ದಿನೀಸ್‌ಗೆ ಇದು ಹೊಸ ಪ್ರಶ್ನೆಯಲ್ಲ. 'ಅಂಗವೈಕಲ್ಯ ಎಂದರೇನು' (2007) ಎಂಬ ಕಿರುಹೊತ್ತಿಗೆಯಲ್ಲಿ ಅವರು, ಗಾಲಿಕುರ್ಚಿಯವನನ್ನು ತಡೆಯುವುದು ಅವನ ಕಾಲಿಗಿಂತ ಹೆಚ್ಚಾಗಿ ಊರಿನ ಮೆಟ್ಟಿಲು ಎಂಬ ಬ್ರಿಟಿಷ್ ಚಳವಳಿಗಾರರ ವಾದವನ್ನು ವಿವರಿಸಿ, ಆರೈಕೆ ಮಾಡುವ ಹೆಂಗಸರ ದುಡಿಮೆ ಆ ವಾದದಲ್ಲಿ ಕಾಣೆಯಾಗಿದೆ ಎಂಬ ಸ್ತ್ರೀವಾದಿಗಳ ಆಕ್ಷೇಪವನ್ನೂ ಮುಂದಿಟ್ಟಿದ್ದರು. ಜಿಕಾ ಅರ್ಜಿಯಲ್ಲಿ ಅವರು ಊರಿಕೊಂಡದ್ದು ಭ್ರೂಣದ ಲಕ್ಷಣದ ಮೇಲಲ್ಲ, ಸಾಂಕ್ರಾಮಿಕದ ನಡುವೆ ಸಿಲುಕಿದ ಹೆಂಗಸಿನ ಯಾತನೆಯ ಮೇಲೆ. ಈ ಉತ್ತರ ಎಲ್ಲರನ್ನೂ ಒಪ್ಪಿಸಿತೆಂದು ಹೇಳಲಾಗದು. ಆದರೆ ಮಕ್ಕಳ ಪರವಾದ ಬೇಡಿಕೆಯನ್ನೂ ತಾಯಂದಿರ ಪರವಾದ ಬೇಡಿಕೆಯನ್ನೂ ಬಿಡಿಸದೆ ಒಂದೇ ಹಾಳೆಯಲ್ಲಿ ಬರೆದದ್ದು ಪ್ರಾಮಾಣಿಕವಾದ ನಡೆ. 2020ರ ಏಪ್ರಿಲಿನಲ್ಲಿ ಈ ಮಕ್ಕಳಿಗೆ ಕನಿಷ್ಠ ವೇತನದಷ್ಟು ಜೀವಮಾನ ಪಿಂಚಣಿ ಕೊಡುವ ಕಾನೂನು ಬಂದಿತು. ಸ್ವಲ್ಪದರಲ್ಲೇ ನ್ಯಾಯಾಲಯ ಅರ್ಜಿಯನ್ನು ವಿಷಯದ ತೀರ್ಮಾನ ಮಾಡದೆ ಕೈಬಿಟ್ಟಿತು.

ಬೆದರಿಕೆ ಮತ್ತು ದೇಶಾಂತರ

2017ರ ಮಾರ್ಚಿನಲ್ಲಿ ಸಮಾಜವಾದಿ ಪಕ್ಷವೊಂದು ಅನಿಸ್ ಜೊತೆಗೂಡಿ, ಮೊದಲ 12 ವಾರದ ಗರ್ಭಪಾತವನ್ನು ಅಪರಾಧದ ಪಟ್ಟಿಯಿಂದಲೇ ತೆಗೆಯಬೇಕೆಂದು ಎಡಿಪಿಎಫ್ 442 ಎಂಬ ಅರ್ಜಿ ಸಲ್ಲಿಸಿತು. ವಿಚಾರಣೆ ಹತ್ತಿರವಾದಂತೆ ದಿನೀಸ್ ಅವರಿಗೆ ಕೊಲೆ ಬೆದರಿಕೆಗಳು ಬರತೊಡಗಿದವು. ಅವರ ವಿದ್ಯಾರ್ಥಿಗಳನ್ನೂ ವಿಶ್ವವಿದ್ಯಾಲಯವನ್ನೂ ಬೆದರಿಸಲಾಯಿತು. 2018ರಲ್ಲಿ ಅವರು ಮಾನವ ಹಕ್ಕು ಹೋರಾಟಗಾರರ ರಕ್ಷಣೆಯ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಬೇಕಾಯಿತು. ಆ ಆಗಸ್ಟ್ 3 ಮತ್ತು 6ರಂದು ನ್ಯಾಯಾಲಯ ನಡೆಸಿದ ಸಾರ್ವಜನಿಕ ವಿಚಾರಣೆಯಲ್ಲಿ ಅನಿಸ್ ಪರವಾಗಿ ಮಾತಾಡಿ, ಪೆಟ್ಟಿಗೆಯ ಸಮೀಕ್ಷೆಯ ಹೆಂಗಸರನ್ನು ನ್ಯಾಯಮೂರ್ತಿಗಳ ಮುಂದಿಟ್ಟರು. ಆ ವರ್ಷವೇ ದೇಶ ಬಿಟ್ಟರು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಸಂಶೋಧಕಿಯಾಗಿದ್ದರು.

ತನ್ನ ವಿದ್ಯಾರ್ಥಿಗಳ ಜೀವಕ್ಕೆ ತನ್ನ ಪಾಠವೇ ಅಪಾಯವಾದಾಗ ಶಿಕ್ಷಕಿಯೊಬ್ಬಳು ಏನು ಮಾಡಬೇಕು? ಪಾಠದ ಬಗ್ಗೆ ಅವರ ಕಾಳಜಿ ಎಷ್ಟೆಂಬುದಕ್ಕೆ 'ಮಾರ್ಗದರ್ಶಿಯ ಪತ್ರ' (2012) ಎಂಬ ಪುಟ್ಟ ಪುಸ್ತಕವನ್ನು ನೋಡಬೇಕು. ಮೊದಲ ಸಂಶೋಧನೆಗೆ ಕೈಹಾಕುವ ವಿದ್ಯಾರ್ಥಿನಿಗೆ ಬರೆದ ಪತ್ರ ಅದು: ವಿಷಯ ಆರಿಸುವುದು ಹೇಗೆ, ಓದಿದ್ದನ್ನು ಬರೆದಿಟ್ಟುಕೊಳ್ಳುವುದು ಹೇಗೆ, ಖಾಲಿ ಹಾಳೆಯ ಭಯವನ್ನು ದಾಟುವುದು ಹೇಗೆ. ಪೋರ್ಚುಗೀಸ್ ಭಾಷೆಯಲ್ಲಿ ಸಾಮಾನ್ಯವಾಗಿ 'ವಿದ್ಯಾರ್ಥಿ' ಎಂದರೆ ಪುಲ್ಲಿಂಗ. ದಿನೀಸ್ ಪುಸ್ತಕದುದ್ದಕ್ಕೂ ಸ್ತ್ರೀಲಿಂಗವನ್ನೇ ಬಳಸಿದರು. ಕ್ರಿಯಾಪದದ ತುದಿಯಲ್ಲೇ 'ಅವನು', 'ಅವಳು' ತೋರಿಬಿಡುವ ಕನ್ನಡದಲ್ಲಿ ಬರೆಯುವವರಿಗೆ ಇದರ ತೂಕ ಬೇಗ ತಿಳಿಯುತ್ತದೆ.

ಡಾನ್ ಡೇವಿಡ್ ಪ್ರಶಸ್ತಿ

ಟೆಲ್ ಅವೀವ್ ವಿಶ್ವವಿದ್ಯಾಲಯದಲ್ಲಿ ನೆಲೆಯಿರುವ ಡಾನ್ ಡೇವಿಡ್ ಪ್ರತಿಷ್ಠಾನ ಆಗ ಪ್ರತಿವರ್ಷ ಮೂರು ವಿಭಾಗಗಳಲ್ಲಿ ತಲಾ 10 ಲಕ್ಷ ಡಾಲರಿನ ಪ್ರಶಸ್ತಿ ಕೊಡುತ್ತಿತ್ತು. ಪಡೆದವರು ಹತ್ತನೇ ಒಂದು ಪಾಲನ್ನು ಕಿರಿಯ ಸಂಶೋಧಕರ ವಿದ್ಯಾರ್ಥಿವೇತನಕ್ಕೆ ಬಿಟ್ಟುಕೊಡಬೇಕು. 2020ರಲ್ಲಿ ಲಿಂಗ ಸಮಾನತೆಯ ಪ್ರಶಸ್ತಿ ದಿನೀಸ್ ಮತ್ತು ಗೀತಾ ಸೇನ್ ಅವರಿಗೆ ಸಂದಿತು. ಇದಕ್ಕೂ ಮುಂಚೆ 2016ರಲ್ಲಿ ಅಮೆರಿಕದ 'ಫಾರಿನ್ ಪಾಲಿಸಿ' ಪತ್ರಿಕೆ ತನ್ನ ನೂರು ಜಾಗತಿಕ ಚಿಂತಕರ ಪಟ್ಟಿಯಲ್ಲಿ ದಿನೀಸ್ ಅವರನ್ನು ಸೇರಿಸಿತ್ತು.

ಜೊತೆಗೆ ಗೌರವ ಪಡೆದ ಗೀತಾ ಸೇನ್ ಅವರ ಕಡೆಯಿಂದ ಈ ಪ್ರಶಸ್ತಿಗೆ ಕರ್ನಾಟಕದ ನಂಟಿದೆ. ಅವರು ಬೆಂಗಳೂರಿನ ಭಾರತೀಯ ಪ್ರಬಂಧ ಸಂಸ್ಥೆಯಲ್ಲಿ ಬಹುಕಾಲ ಪ್ರಾಧ್ಯಾಪಕಿಯಾಗಿದ್ದವರು. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಬಾಣಂತಿಯರ ಆರೋಗ್ಯ ಮತ್ತು ಸಾವಿನ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆಸಿದವರು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಸ್ತ್ರೀವಾದಿಗಳನ್ನು ಒಂದುಗೂಡಿಸಿದ 'ಡಾನ್' ಎಂಬ ಜಾಲ ಮೊಳೆತದ್ದು 1984ರಲ್ಲಿ ಬೆಂಗಳೂರಿನಲ್ಲಿ ಸೇರಿದ ಸಭೆಯಿಂದ; ಸೇನ್ ಅದರ ಸ್ಥಾಪಕರಲ್ಲೊಬ್ಬರು. ಕೊಪ್ಪಳದ ಬಾಣಂತಿಗೂ ಕಂಪಿನಾ ಗ್ರಾಂಡಿಯ ತಾಯಿಗೂ ಒಂದೇ ಪ್ರಶಸ್ತಿಯ ಅಡಿ ಜಾಗ ಸಿಕ್ಕಿತು. ಜೈವಿಕ ನೀತಿಶಾಸ್ತ್ರದ ವಿಶ್ವ ಸಮ್ಮೇಳನವೂ ಈ ಎರಡು ದೇಶಗಳನ್ನು ಹಾದುಹೋಗಿದೆ: 2002ರಲ್ಲಿ ಬ್ರೆಸಿಲಿಯಾದಲ್ಲಿ, 2018ರ ಡಿಸೆಂಬರಿನಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಆವರಣದಲ್ಲಿ. ಅಸಮಾನ ಜಗತ್ತಿನಲ್ಲಿ ಎಲ್ಲರಿಗೂ ಆರೋಗ್ಯ ಎಂಬುದು ಬೆಂಗಳೂರಿನ ಸಮ್ಮೇಳನದ ವಿಷಯವಾಗಿತ್ತು.

ಇತ್ತೀಚಿನ ಕೆಲಸ

ಕೋವಿಡ್ ಕಾಲದಲ್ಲಿ, 2020ರಿಂದ, ದಿನೀಸ್ ಕಲಾವಿದ ರಾಮೋನ್ ನವಾರೊ ಜೊತೆ ಸೇರಿ ಸೋಂಕಿನಿಂದ ತೀರಿಕೊಂಡ ಹೆಂಗಸರಿಗಾಗಿ ದಿನಕ್ಕೊಂದರಂತೆ ಕತ್ತರಿಸಿ ಅಂಟಿಸಿದ ಚಿತ್ರ ಮತ್ತು ನಾಲ್ಕಾರು ಸಾಲಿನ ಬರಹವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಹಳೆಯ ಫೋಟೊಗಳ ತುಣುಕು, ಹೂವು, ಬಟ್ಟೆಯ ಚೂರುಗಳಂಥ ಚಿತ್ರಗಳು. ಪತ್ರಿಕೆಗಳಲ್ಲಿ ಬರೀ ಸಂಖ್ಯೆಯಾಗಿ ಬಂದವರಿಗೆ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಗುಡಿ. ಕ್ಯಾಥೊಲಿಕ್ ಸಂನ್ಯಾಸಿನಿ ಹಾಗೂ ಸ್ತ್ರೀವಾದಿ ದೇವತಾಶಾಸ್ತ್ರಜ್ಞೆ ಇವೋನಿ ಗೆಬಾರಾ ಅವರೊಂದಿಗೆ ಬರೆದ 'ಸ್ತ್ರೀವಾದಿ ಭರವಸೆ' 2022ರಲ್ಲಿ ಹೊರಬಂತು. ಗರ್ಭಪಾತದ ಪ್ರಶ್ನೆಯಲ್ಲಿ ಚರ್ಚಿನ ನಿಲುವನ್ನು ಒಪ್ಪದ್ದಕ್ಕೆ 1990ರ ದಶಕದಲ್ಲಿ ವ್ಯಾಟಿಕನ್ ಗೆಬಾರಾ ಅವರ ಬಾಯಿ ಕಟ್ಟಿಸಿತ್ತು. ಧರ್ಮವನ್ನು ಎದುರಾಳಿಯೆಂದೇ ನೋಡದೆ ಅದರೊಳಗಿನ ಹೆಣ್ಣುದನಿಯ ಜೊತೆ ಕೂತು ಬರೆದ ಪುಸ್ತಕ ಇದು.

ಎಡಿಪಿಎಫ್ 442ರಲ್ಲಿ ನ್ಯಾಯಮೂರ್ತಿ ರೋಸಾ ವೆಬರ್ 2023ರ ಸೆಪ್ಟೆಂಬರಿನಲ್ಲಿ, ನಿವೃತ್ತಿಗೆ ಕೆಲವೇ ದಿನ ಮೊದಲು, ಅರ್ಜಿಯ ಪರವಾಗಿ ಮತ ದಾಖಲಿಸಿದರು. 2004ರಲ್ಲಿ ಸೆವೆರಿನಾಳಂಥವರ ಪರ ವಾದಿಸಿದ್ದ ವಕೀಲ ಬರೋಸೊ 2013ರಲ್ಲಿ ಅದೇ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದರು. 2025ರ ಅಕ್ಟೋಬರಿನಲ್ಲಿ, ತಮ್ಮ ಸೇವೆಯ ಕೊನೆಯ ದಿನ, ಅವರೂ ಪರವಾಗಿ ಮತ ಕೊಟ್ಟರು. ಅಲ್ಲಿಗೆ ಮತದಾನ ಮತ್ತೆ ನಿಂತಿತು.